ಅರಮನೆಗೆ ಹೋಗದ ಕಂಡಕ್ಟರ್

ಮಸ್ಕಿಯ ಕರಿಬಸಯ್ಯನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಕಂಪ್ಯೂಟರ್ ಗೇಮಿನ ಹುಚ್ಚು ಹಿಡಿಯಿತು. ಹಿಡಿದದ್ದೂ ಅಂತಿಂಥ ಹುಚ್ಚಲ್ಲ. ಬೆಳಗಿನ ಚಹಾ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತನೆಂದರೆ ಮುಗಿಯಿತು, ಹೆಂಡತಿ ಗುರುಲಿಂಗಮ್ಮ ಊಟಕ್ಕೆ ಮೂರು ಸಲ ಕೂಗಿದರೂ ಆಸಾಮಿ ಜಪ್ಪಯ್ಯ ಎನ್ನುತ್ತಿರಲಿಲ್ಲ. ಕೊನೆಗೆ ಆಕೆ ತಟ್ಟೆಯನ್ನು ಅಲ್ಲಿಯೇ ತಂದು ಕುಕ್ಕಿ ಹೋಗುತ್ತಿದ್ದಳು. ಇವನು ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ಮೌಸ್ ಆಡಿಸುತ್ತಿದ್ದ.

ಗೇಮು ಪರರದ್ದಲ್ಲ, ಮಗಳು ಭಾಗ್ಯಶ್ರೀಯದೇ. ಲಿಂಗಸುಗೂರಿನಲ್ಲಿ ಕಾಲೇಜು ಓದುವಾಗಿನ ಗೆಳತಿ ವಸೀಮಾಳ ಜೊತೆ ಸೇರಿ ಎರಡು ವರ್ಷ ಕೂತು ಕಟ್ಟಿದ್ದಳು. ಭಾಗ್ಯಶ್ರೀ ಕಥೆ ಬರೆದರೆ ವಸೀಮಾ ಅದಕ್ಕೆ ಕೋಡ್ ಬರೆಯುವವಳು. ಆಡುವವನು ಒಬ್ಬ ದಾರಿಹೋಕನಾಗಿ ನಾಡೆಲ್ಲ ತಿರುಗಬೇಕು, ಏಳು ಬಾಗಿಲು ದಾಟಿ ಅರಮನೆ ಹೊಕ್ಕು, ಸೆರೆಯಲ್ಲಿರುವ ರಾಜನನ್ನು ಬಿಡಿಸಬೇಕು. ಅದು ಮುಖ್ಯ ಕಥೆ. ಭಾಗ್ಯಶ್ರೀ ತನ್ನ ಜೀವವನ್ನೆಲ್ಲ ಅದಕ್ಕೇ ಸುರಿದಿದ್ದಳು. ಎಲ್ಲ ಮುಗಿದ ಮೇಲೆ ನೋಡಿದರೆ ಅರಮನೆಯ ದಾರಿ ಬಿಕೋ ಎನ್ನುತ್ತಿತ್ತು. ಸರಿ, ಹನ್ನೊಂದೇ ದಿನದಲ್ಲಿ ದಾರಿಯುದ್ದಕ್ಕೂ ನಾಲ್ಕು ಹಳ್ಳಿ ಎಬ್ಬಿಸಿ, ಚಿಕ್ಕಪುಟ್ಟ ಕೆಲಸ ಹೇಳುವ ಒಂದಷ್ಟು ಜನರನ್ನು ಕೂರಿಸಿದ್ದಳು. ಅವರ ಕೆಲಸ ಮಾಡಿದರೂ ಆಯಿತು, ಬಿಟ್ಟರೂ ಆಯಿತು. ಆ ಜನರೆಲ್ಲ ಎಲ್ಲಿಂದ ಬಂದರು ಎಂದು ಕೇಳಿದರೆ, ಅಪ್ಪ ಊಟದ ಹೊತ್ತಿಗೆ ಹೇಳುತ್ತಿದ್ದ ಬಸ್ಸಿನ ಮಾತುಗಳಿಂದ.

ಹುಬ್ಬಳ್ಳಿಯ ಒಂದು ಕಂಪನಿ ಗೇಮನ್ನು ನೋಡಲು ಒಪ್ಪಿತ್ತು. ಭಾನುವಾರ ಸಿಂಧನೂರಿನಲ್ಲಿ ಹನ್ನೆರಡು ಮಂದಿ ಕೂತು ಆಡಬೇಕು, ಕಂಪನಿಯವರು ನೋಡಬೇಕು. ಮೆಚ್ಚಿದರೆ ಗೇಮು ಹೊರಬರುತ್ತದೆ, ಇಲ್ಲದಿದ್ದರೆ ಇಬ್ಬರೂ ಇದನ್ನೆಲ್ಲ ಕಟ್ಟಿಟ್ಟು ಬೇರೆ ಕೆಲಸ ಹುಡುಕಬೇಕು. ಆದ್ದರಿಂದಲೇ ಭಾಗ್ಯಶ್ರೀ ಅಪ್ಪನನ್ನು ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಆಡು, ಎಲ್ಲಿ ತೊಡಕಾಗುತ್ತದೆ ಹೇಳು ಎಂದಿದ್ದಳು. ಮಗಳು ಗೆಲ್ಲಬೇಕೆಂಬ ಆಸೆ ಕರಿಬಸಯ್ಯನಿಗೆ ಎಷ್ಟಿತ್ತೆಂದರೆ, ಕೂತ ಮೊದಲ ದಿನ ದೇವರಿಗೆ ಕೈಮುಗಿದೇ ಮೌಸ್ ಹಿಡಿದಿದ್ದ.

ಆದರೆ ಮನುಷ್ಯ ಎಂಥವನು ನೋಡಿ. ಮೂವತ್ತೊಂದು ವರ್ಷ ಮುದಗಲ್‌ನಿಂದ ಲಿಂಗಸುಗೂರು, ಮಸ್ಕಿ ಹಾಯ್ದು ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಚೀಲದಲ್ಲಿ ಟಿಕೆಟ್ಟಿಗಿಂತ ಜನರ ಸಾಮಾನೇ ಹೆಚ್ಚು. ಮುದಗಲ್‌ನ ಖಾಸಿಂಬೀ ಸಿಂಧನೂರಿನಲ್ಲಿ ಓದುವ ಮಗನಿಗೆ ಕಟ್ಟಿದ ರೊಟ್ಟಿಯ ಗಂಟು, ಯಾರದೋ ರಿಪೇರಿಯಾದ ಮಿಕ್ಸರ್ ಜಾರು, ದಢೇಸುಗೂರಿನ ಮುದುಕಿಯೊಬ್ಬಳ ಬಿ.ಪಿ. ಗುಳಿಗೆ. ಗುಳಿಗೆಯನ್ನು ಸಿಂಧನೂರಿನಲ್ಲಿ ಇನ್ನೊಂದು ಬಸ್ಸಿನ ಡ್ರೈವರನ ಕೈಗೆ ದಾಟಿಸಿ, ಮುಟ್ಟಿತೆಂಬ ಸುದ್ದಿ ಬರುವ ತನಕ ಅವನಿಗೆ ಸಮಾಧಾನವಿಲ್ಲ. ಇಂಥವನ ಮುಂದೆ ಗೇಮಿನ ಮೊದಲ ಹಳ್ಳಿಯಲ್ಲೇ ಒಬ್ಬ ಅಜ್ಜಿ ಬಂದು, ತಮ್ಮಾ, ಈ ಔಷಧ ಮುಂದಿನ ಊರಿಗೆ ಮುಟ್ಟಿಸುತ್ತೀಯಾ ಎಂದಳು. ರಾಜ ಹೋದ, ಅರಮನೆ ಹೋಯಿತು.

ಶುಕ್ರವಾರ ಮಧ್ಯಾಹ್ನ ವಸೀಮಾಳೂ ಮನೆಗೆ ಬಂದಿದ್ದಾಗ ಭಾಗ್ಯಶ್ರೀ ಅಪ್ಪನ ಪಕ್ಕ ಕೂತು, ರಾಜ ಹೇಗನಿಸಿದ ಎಂದು ಆಸೆಯಿಂದ ಕೇಳಿದಳು.

“ಅರಮನಿಗೆ ಇನ್ನಾ ಹೋಗಿಲ್ಲವ್ವ,” ಎಂದ ಕರಿಬಸಯ್ಯ. “ಕುಂಬಾರನ ಮಗಳ ಪತ್ರ ಮುಟ್ಟಿಸಾಕತ್ತೀನಿ. ಪಾಪ, ಆ ಹುಡುಗಿ ಬಾಗಲದಾಗ ನಿಂತಾಳ.”

ಅವನು ಆಡಲು ಕೂತು ಆಗಲೇ ಒಂಬತ್ತು ದಿನವಾಗಿತ್ತು. ಭಾಗ್ಯಶ್ರೀಯ ಮುಖ ಕಪ್ಪಿಟ್ಟಿತು. ನಾಡಿದ್ದು ಪರೀಕ್ಷೆ ಇಟ್ಟುಕೊಂಡು ಅರಮನೆಯನ್ನೇ ನೋಡಿಲ್ಲವೆಂದರೆ ಏನರ್ಥ ಎಂದು ರೇಗಿದಳು. ಮೌಸ್ ಕಿತ್ತುಕೊಂಡು ದಾರಿಹೋಕನ ಚೀಲ ತೆರೆದು ನೋಡಿದರೆ ಇನ್ನೂ ಗಾಬರಿ. ಇಷ್ಟು ಜನರ ಕೆಲಸ ಮಾಡಿದವನ ಹತ್ತಿರ ಕತ್ತಿಯಿಲ್ಲ, ಗುರಾಣಿಯಿಲ್ಲ, ಕಾಲಿಗೊಂದು ಕೆರವೂ ಇಲ್ಲ. ಕೆಲಸ ಮುಗಿದಾಗೆಲ್ಲ ಆ ಜನ ಏನಾದರೊಂದು ಕೊಡಬೇಕು, ಹಾಗೆಂದು ತಾನೇ ಬರೆದದ್ದು. ಎಲ್ಲಿ ಕೆಟ್ಟಿತು?

ಕರಿಬಸಯ್ಯ ತಪ್ಪು ಮಾಡಿದವನ ದನಿಯಲ್ಲಿ ಹೇಳಿದ. “ಕೊಡಾಕ ಬಂದಿದ್ರು. ನಾ ಬ್ಯಾಡ ಅಂದೆ. ಇನ್ನೊಮ್ಮೆ ಕರದು ಕೊಡತಾರ ಅಂತ ನಿಂತೆ. ಕರೀಲೇ ಇಲ್ಲ, ಮುಖ ತಿರುವಿ ಹೋಗೇಬಿಟ್ರು. ಎಂಥಾ ಮಂದಿನ್ನ ಮಾಡೀಯವ್ವ ನೀ?”

ನಮ್ಮ ಕಡೆಯ ರೀತಿ ಗೊತ್ತಲ್ಲ. ಯಾರಾದರೂ ಏನಾದರೂ ಕೊಟ್ಟರೆ ಮೊದಲ ಸಲಕ್ಕೇ ಕೈ ಚಾಚುವುದುಂಟೇ? ಬೇಡ ಎನ್ನಬೇಕು. ಅವರು ಒತ್ತಾಯ ಮಾಡಬೇಕು. ಮತ್ತೆ ಬೇಡ ಎನ್ನಬೇಕು. ಅವರು ಬೈದು ಚೀಲಕ್ಕೆ ತುರುಕಬೇಕು, ಆಮೇಲೆ ತೆಗೆದುಕೊಳ್ಳಬೇಕು. ಕರಿಬಸಯ್ಯ ಮೂವತ್ತೊಂದು ವರ್ಷ ಪೇರಲಹಣ್ಣು, ಶೇಂಗಾ ತೆಗೆದುಕೊಂಡದ್ದು ಹೀಗೆಯೇ. ಗೇಮಿಗೆ ಮಾತ್ರ ಒಂದು ಸಲ ಬೇಡವೆಂದರೆ ಬೇಡವೇ.

ವಸೀಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾಗ್ಯಶ್ರೀ ನಗಲಿಲ್ಲ, ಬೆರಗಾಗಿ ಕೂತುಬಿಟ್ಟಳು. ಕಾಕಾನದ್ದೇನೂ ತಪ್ಪಿಲ್ಲ, ನಮ್ಮದೇ ತಪ್ಪು ಎಂದು ವಸೀಮಾ ಆಗಲೇ ಕೀಲಿಮಣೆ ಎಳೆದುಕೊಂಡಿದ್ದಳು. ಆ ಸಂಜೆ ಮತ್ತು ಶನಿವಾರ ಇಡೀ ದಿನ ಮನೆಯಲ್ಲಿ ಗದ್ದಲವೋ ಗದ್ದಲ. ಯಾರು ಹೇಗೆ ಒತ್ತಾಯ ಮಾಡುತ್ತಾರೆ ಎಂದು ಕರಿಬಸಯ್ಯ ಎದ್ದು ನಿಂತು ಮಾಡಿ ತೋರಿಸಿದ. ಅಡುಗೆಮನೆಯಿಂದ ಗುರುಲಿಂಗಮ್ಮ ಬಂದು, ಹೆಂಗಸರು ಹಾಗಲ್ಲ ಹೀಗೆ ಎಂದು ಗಂಡನನ್ನು ತಿದ್ದಿದಳು. ಭಾಗ್ಯಶ್ರೀ ಬರೆದಳು, ವಸೀಮಾ ಕೂಡಿಸಿದಳು. ಇಷ್ಟು ಖುಷಿಯಿಂದ ಬರೆದು ಎಷ್ಟು ದಿನವಾಗಿತ್ತೋ ಎಂದು ಭಾಗ್ಯಶ್ರೀ ಬಾಯಿಬಿಟ್ಟು ಹೇಳಿದಳು.

ಭಾನುವಾರ ಸಿಂಧನೂರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆ, ಹನ್ನೆರಡು ಕಂಪ್ಯೂಟರ್, ಹನ್ನೆರಡು ಮಂದಿ. ಕಂಪನಿಯಿಂದ ಬಂದ ಪಂಪಾವತಿ ಎಂಬವರು ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕರಿಬಸಯ್ಯ ಕೂರಲಾರದೆ ನಿಲ್ಲಲಾರದೆ ಕೋಣೆಯ ಉದ್ದಕ್ಕೂ ಓಡಾಡಿದ. ಮೊದಲ ಹದಿನೈದು ನಿಮಿಷ ಎಲ್ಲ ತಣ್ಣಗೆ. ಆಮೇಲೆ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಅಜ್ಜಿ ಕೊಟ್ಟದ್ದನ್ನು ಅವಳು ಎರಡು ಸಲ ಬೇಡವೆಂದಿದ್ದಳು, ಅಜ್ಜಿ ಬೈದು ಉಡಿಗೆ ಹಾಕಿದ್ದಳು. ಆ ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬಿತು. ನಿನಗೆ ಯಾರು ಸಿಕ್ಕರು, ನನಗೆ ಕುಂಬಾರ ಸಿಕ್ಕ ಎಂದು ಪಕ್ಕದವರನ್ನು ಕೇಳತೊಡಗಿದರು. ಒಂದು ತಾಸು ಎಂದು ಕರೆದದ್ದು ಮೂರು ತಾಸಾದರೂ ಒಬ್ಬರೂ ಏಳಲಿಲ್ಲ. ಕರಿಬಸಯ್ಯನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಗೇಮಿನ ಆ ಹಳ್ಳಿಯವರೆಲ್ಲ ಅವನ ಪ್ಯಾಸೆಂಜರುಗಳು, ಒಬ್ಬೊಬ್ಬರೂ ಅವನಿಗೆ ಗೊತ್ತು.

ಆದರೆ ಹನ್ನೆರಡು ಜನರಲ್ಲಿ ಒಬ್ಬರೂ ಅರಮನೆಯ ಕಡೆ ತಲೆ ಹಾಕಿರಲಿಲ್ಲ.

ಪಂಪಾವತಿಯವರು ಮಾತು ಸುತ್ತಿ ಬಳಸಲಿಲ್ಲ. ಈ ಜನರಿಗಾಗಿ ಗೇಮನ್ನು ಖಂಡಿತ ತೆಗೆದುಕೊಳ್ಳುತ್ತೇವೆ, ಇಂಥ ಕೆಲಸಗಳು ಹನ್ನೊಂದಿವೆಯಲ್ಲ, ನಲವತ್ತು ಬೇಕು; ರಾಜನ ಕಥೆ ಪೂರ್ತಿ ತೆಗೆಯಿರಿ, ನಾಳೆ ಸಂಜೆಯೊಳಗೆ ಹೇಳಿ ಎಂದರು. ವಸೀಮಾ ಭಾಗ್ಯಶ್ರೀಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಭಾಗ್ಯಶ್ರೀ ನಕ್ಕಳು, ಆದರೆ ಬಸ್ಸಿನಲ್ಲಿ ಮಸ್ಕಿ ಬರುವ ತನಕ ಕಿಟಕಿಯಿಂದಾಚೆ ನೋಡುತ್ತ ಕೂತಳು. ಕರಿಬಸಯ್ಯ ಪಕ್ಕದಲ್ಲಿ ಕೂತು ಲೆಕ್ಕ ಹಾಕಿದ. ಕೋಣೆಯೆಲ್ಲ ತನ್ನ ಬಸ್ಸಿನ ಮಾತುಗಳಿಗೆ ನಕ್ಕಿತ್ತು. ಮಗಳ ಎರಡು ವರ್ಷದ ರಾಜನನ್ನು ಹೆತ್ತಪ್ಪನೂ ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನೇ ಲ್ಯಾಪ್‌ಟಾಪು ತೆರೆದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ದಾರಿಯಲ್ಲಿ ಅಜ್ಜಿ ಕರೆದಳು, ನಿಲ್ಲಲಿಲ್ಲ. ಕುಂಬಾರ ಕರೆದ, ಹಲ್ಲು ಕಚ್ಚಿ ಮುಂದೆ ನಡೆದ. ಏಳೂ ಬಾಗಿಲುಗಳನ್ನು ದಾಟಿದ, ಒಂದೊಂದರ ಮುಂದೆಯೂ ನಿಂತು ಮೇಲಿನ ಕೆತ್ತನೆ ನೋಡಿದ, ಬರೆದ ಸಾಲು ಒಂದನ್ನೂ ಬಿಡದೆ ಓದಿದ. ಮಧ್ಯಾಹ್ನದ ಹೊತ್ತಿಗೆ ರಾಜನ ಬೇಡಿ ಕಳಚಿತು. ರಾಜ ಎದ್ದು ಸಿಂಹಾಸನವೇರಿ, ಮೆಚ್ಚಿದೆ ವೀರಾ, ಇನ್ನು ಉತ್ತರದ ಗಡಿಗೆ ಹೊರಡು ಎಂದ.

ಕರಿಬಸಯ್ಯ ಮೌಸ್ ಬಿಟ್ಟು ಹಿಂದಕ್ಕೆ ಒರಗಿದ.

“ಅಪ್ಪ, ಖರೇ ಹೇಳು.”

“ಅರಮನಿ ಭಾರಿ ಚಲೋ ಕಟ್ಟೀ. ನನ್ನ ಮಗಳು ಇಷ್ಟು ಬರದಾಳ ಅಂತ ನಂಗ ಗೊತ್ತೇ ಇದ್ದಿಲ್ಲ.” ಅವನು ಪರದೆಯ ಮೇಲಿನ ರಾಜನತ್ತ ಬೆರಳು ಮಾಡಿದ. “ಆದ್ರ ಇಷ್ಟು ದೂರದಿಂದ ಬಂದಾವ್ನಿಗಿ ಈ ಮನಷ್ಯಾ ಕುಂದ್ರು ಅನ್ನವಲ್ಲ. ನೀರು ಬೇಕೇನು ಅಂತ ಕೇಳವಲ್ಲ.”

ಭಾಗ್ಯಶ್ರೀ ನಗಲು ಹೋಗಿ ಅತ್ತುಬಿಟ್ಟಳು. “ಎರಡು ವರ್ಷ, ಅಪ್ಪ.”

“ನಾ ಮೂವತ್ತೊಂದು ವರ್ಷ ಟಿಕೆಟ್ ಕೊಟ್ಟೀನಿ. ಸರ್ಕಾರ ನನಗ ಪಗಾರ ಕೊಟ್ಟಿದ್ದು ಅದಕ್ಕ. ಇವತ್ತಿನ ತನಕ ಒಬ್ಬರೂ ಟಿಕೆಟ್ ನೆನಸಿಲ್ಲವ್ವ. ಕಂಡಲ್ಲಿ ನಿಂದ್ರಿಸಿ ಗುಳಿಗಿ ಮಾತು ಆಡ್ತಾರ, ರೊಟ್ಟಿ ಗಂಟಿನ ಮಾತು ಆಡ್ತಾರ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ರಾಜನ ಕಥೆಯ ಫೈಲುಗಳನ್ನು ಒಂದೊಂದಾಗಿ ಆರಿಸಿ ಅಳಿಸಿದಳು. ಪಂಪಾವತಿಯವರಿಗೆ ಫೋನು ಮಾಡಿ ಆಗಲಿ ಎಂದಳು, ವಸೀಮಾಳಿಗೆ ಫೋನು ಮಾಡಿ ಈಗಲೇ ಬಾ ಎಂದಳು. ಆಮೇಲೆ ಹೊಸದೊಂದು ಪುಟ ತೆರೆದು ಅಪ್ಪನ ಕಡೆ ತಿರುಗಿ, ಇನ್ನೂ ಇಪ್ಪತ್ತೊಂಬತ್ತು ಬೇಕು, ಹೇಳು ಎಂದಳು. ಕರಿಬಸಯ್ಯ ಆಗಲೇ ಶುರು ಮಾಡಿಯಾಗಿತ್ತು.