ತಿರುಗಿ ಬಾರದ ಆವಿ

ಅವಳು ನಮ್ಮ ಆಫೀಸಿಗೆ ಸೇರಿದ ದಿನವೇ ನನಗೆ ಹೊಟ್ಟೆಯುರಿ ಶುರುವಾಯಿತು. ಮೈಸೂರಿನವಳು. ತಮಿಳು ಸೀಮೆಯ ಸಿಂಗಾನಲ್ಲೂರಿನ ಆ ಆಫೀಸಿನಲ್ಲಿ ಕನ್ನಡ ಬಲ್ಲವಳು ಅಲ್ಲಿಯವರೆಗೆ ನಾನೊಬ್ಬಳೇ. ಅವಳು ಬಾಯಿ ತೆರೆದ ಮೇಲೆ, ತಮಿಳು ಬೆರೆತ ನನ್ನ ಮನೆಮಾತು ನನಗೇ ಕನ್ನಡವೆನಿಸಲಿಲ್ಲ. ಅದನ್ನು ಹೇಗೋ ನುಂಗಿಕೊಂಡೆ. ಕೆಲಸದಲ್ಲೂ ಚುರುಕು ಎನ್ನುವುದನ್ನು ಮಾತ್ರ ನುಂಗಲಾಗಲಿಲ್ಲ.

ವಿದ್ಯುತ್ ಸ್ಥಾವರವನ್ನು ಕಟ್ಟುವ ಮುಂಚೆ ಕಂಪ್ಯೂಟರಿನಲ್ಲಿ ಅದರ ಮಾದರಿ ಓಡಿಸಿ, ಉರಿಸಿದ ಗ್ಯಾಸಿನ ಶಾಖದಲ್ಲಿ ಎಷ್ಟು ಪಾಲು ಕರೆಂಟಾಗುತ್ತದೆ ಎಂದು ಹೇಳುವುದು ನಮ್ಮ ಕೆಲಸ. ಆ ಸಲ ಬಂದದ್ದು ಹೊಗೆಯಲ್ಲಿನ ಇಂಗಾಲವನ್ನು ಹಿಡಿದಿಡುವ ಸ್ಥಾವರ. ಇಂಗಾಲವನ್ನು ಒಂದು ದ್ರಾವಣ ಹೀರಿಕೊಳ್ಳುತ್ತದೆ. ಮತ್ತೆ ಬಿಡಿಸಬೇಕಾದರೆ ದ್ರಾವಣವನ್ನು ಆವಿಯಿಂದ ಕಾಯಿಸಬೇಕು. ಆ ಆವಿಯನ್ನು ಟರ್ಬೈನಿನಿಂದಲೇ ಕಸಿಯಬೇಕು. ಕಸಿದಷ್ಟೂ ಕರೆಂಟು ಕಡಿಮೆ. ಬಾಸ್ ನಮ್ಮಿಬ್ಬರಿಗೂ ಬೇರೆ ಬೇರೆಯಾಗಿ ಮಾದರಿ ಮಾಡಲು ಹೇಳಿದರು. ಯಾರದು ನಿಲ್ಲುತ್ತದೋ ಅವರೇ ಈ ಕೆಲಸದ ಮುಖ್ಯಸ್ಥೆ. ಆ ಜಾಗಕ್ಕಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಅವಳು ಬಂದು ಇನ್ನೂ ವರ್ಷವಾಗಿರಲಿಲ್ಲ.

ಅವಳ ಮಾದರಿಯ ದಕ್ಷತೆ, ಅಂದರೆ ಕರೆಂಟಾಗುವ ಶಾಖದ ಪಾಲು, ನನ್ನದಕ್ಕಿಂತ ಹೆಚ್ಚು ಬಂತು. ಎಲ್ಲೋ ಎಡವಿದ್ದಾಳೆ ಎಂದು ಒಳಗೊಳಗೇ ಖುಷಿಪಟ್ಟೆ. ಅವಳು ಕಳಿಸಿದ್ದನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಜಾಲಾಡಿದೆ. ಸಿಕ್ಕೇಬಿಟ್ಟಿತು! ದ್ರಾವಣ ಕಾಯಿಸಿದ ಆವಿಯನ್ನು ಅವಳು ಬಿಸಿನೀರಾಗಿ ಬಾಯ್ಲರಿಗೆ ವಾಪಸ್ ತಂದು ಅದರ ಶಾಖ ಉಳಿಸಿದ್ದಳು. ಮೀಟಿಂಗಿನಲ್ಲಿ ಎಲ್ಲರೆದುರು, ಎಲ್ಲರಿಗೂ ಅರ್ಥವಾಗುವ ಹಾಗೆ ತಮಿಳಿನಲ್ಲೇ ಕೇಳಿದೆ: ಬಳಸಿ ಮುಗಿದ ಆವಿ ತಿರುಗಿ ಬರುವುದು ಯಾವ ಲೋಕದಲ್ಲಿ?

ಅವಳು ನನ್ನ ಕಡೆ ವಾಲಿ, ನನಗೊಬ್ಬಳಿಗೇ ತಿಳಿಯಲೆಂದು ಕನ್ನಡದಲ್ಲಿ ಮೆಲ್ಲಗೆ ಅಂದಳು: "ಆವಿ ಕೊಳವೆ ಒಳಗೇ ಇರತ್ತಲ್ವಾ? ದ್ರಾವಣನ ಮುಟ್ಟೋದೇ ಇಲ್ಲ. ನಿಮ್ಮ ಮಾದರೀಲಿ ಆ ನೀರು ಎಲ್ಲಿಗೆ ಹೋಗತ್ತೆ?"

ಚರಂಡಿಗೆ ಹೋಗುತ್ತಿತ್ತು. ನಾನು ಬೆಳೆದದ್ದು ತಿರುಪ್ಪೂರಿನಲ್ಲಿ, ಅಪ್ಪನ ಸಾಯಪಟ್ಟರೆಯಲ್ಲಿ, ಅಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿನಲ್ಲಿ. ಅಲ್ಲಿ ಆವಿಯ ಪೈಪನ್ನು ನೇರವಾಗಿ ಬಣ್ಣದ ತೊಟ್ಟಿಗೇ ಇಳಿಬಿಡುತ್ತಿದ್ದರು. ಆವಿ ಬುಳುಬುಳು ಎಂದು ಬಣ್ಣದಲ್ಲಿ ಕರಗಿ, ಕೊನೆಗೆ ಕೆಂಪಾಗಿಯೋ ನೀಲಿಯಾಗಿಯೋ ಹೊರಗೆ ಹರಿಯುತ್ತಿತ್ತು. ಸ್ಥಾವರದ ಚಿತ್ರ ಬರೆಯುವಾಗ ನನ್ನ ಕೈ ಯೋಚನೆ ಮಾಡದೆ ಅದನ್ನೇ ಮಾಡಿತ್ತು. ನಾನೆತ್ತಿದ ಪ್ರಶ್ನೆಗೆಂದು ಬಾಸ್ ಇಬ್ಬರ ಚಿತ್ರಗಳನ್ನೂ ತೆಗೆದು ನೋಡಿದರು, ಅವರಿಗೂ ಕಂಡಿತು. ಕೆಲಸ ಅವಳ ಪಾಲಾಯಿತು. ನಾಲ್ಕು ಜನರೆದುರು ಆಡಿಕೊಂಡು ನಕ್ಕಿದ್ದರೆ ಅವಳನ್ನು ದ್ವೇಷಿಸಿ ಹಾಯಾಗಿರುತ್ತಿದ್ದೆ. ಮರ್ಯಾದೆ ಉಳಿಸಲು ನೋಡಿದಳಲ್ಲ, ಅದಕ್ಕೇ ಇನ್ನೂ ಉರಿಯಿತು.

ಶೆಡ್ಡು ಮುಚ್ಚಿದ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾರೆ. ಮುಖ ಹುಳ್ಳಗೆ ಮಾಡಿಕೊಂಡು ಬಂದ ನನ್ನನ್ನು ಕೂರಿಸಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರಿಗೆ ಸಿಟ್ಟೇ ಬಂತು.

"ಸ್ಟೀಮು ತೊಟ್ಟಿಗ್ ಹೋದ್ರೆ ಹೋದಂಗೇ, ಕಣ್ಣು, ನನ್ ಚಿನ್ನಾ! ತಿರುಗಿ ಎಂಗ್ ಬತ್ತದೆ? ಆ ಹುಡುಗಿಗೆ ಎನ್ನ ತೆರಿಯುಮ್, ಏನ್ ಗೊತ್ತು?"

ಆ ದಿನ ನನ್ನ ಕಡೆ ಬಿದ್ದ ಮತ ಅದೊಂದೇ. ಕೊಳವೆಯ ವಿಷಯ ನಾನು ಎತ್ತಲಿಲ್ಲ. ಅಪ್ಪ ಬಡಿಸಿದ ಸಾರನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಕೈ ತೊಳೆಯುವಾಗ ಅವರೇ ಮತ್ತೆ ಅಂದರು: "ಕನ್ನಡದೋಳು ಅಂದ್ಯಲ್ಲಾ, ಒಂದ್ ದಿನ ಊಟಕ್ಕೆ ಕರ್ಕೊಂಡ್ ಬಾ. ಸ್ಟೀಮ್ ಅಂದ್ರೆ ಏನೂಂತ ನಾನೇ ಸೊಲ್ಲಿ ಕೊಡ್ತೀನಿ."

ಅವಳು ಬರುತ್ತಾಳೆ, ಅಪ್ಪನ ಪಕ್ಕ ಕೂರುತ್ತಾಳೆ, ಅದೇ ಮೆಲ್ಲಗಿನ ಚಂದದ ಕನ್ನಡದಲ್ಲಿ ಕೊಳವೆಯ ವಿಷಯ ಹೇಳುತ್ತಾಳೆ. ಅಪ್ಪ ಹೌದೆಂದು ತಲೆಯಾಡಿಸುವುದು ಕಣ್ಣಿಗೆ ಕಟ್ಟಿತು.

"ಅವಳಿಗೆ ಪುರಸೊತ್ತಿಲ್ಲಪ್ಪಾ" ಎಂದೆ. ಆಗಾಗ ಅವರು ಕೇಳುತ್ತಲೇ ಇರುತ್ತಾರೆ. ಅವಳಿಗೆ ಇನ್ನೂ ಪುರಸೊತ್ತಾಗಿಲ್ಲ.