ಕರಿಮರಳಿನ ಒಂಟೆ

ಎಪ್ಪತ್ತರ ದಶಕದ ಕೊನೆಗೆ ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಟ್ಟಿಗೆಯ ಮಾದರಿ ಮಾಡುವ ಬಡಿಗನಾಗಿದ್ದೆ. ಎರಕ ಹೊಯ್ದು ಸುಟ್ಟುಹೋದ ಮರಳನ್ನು ಹಿಂದಿನ ಬಯಲಿಗೆ ಚೆಲ್ಲುತ್ತಿದ್ದರು. ವರ್ಷಗಟ್ಟಲೆ ಚೆಲ್ಲಿ ಅಲ್ಲೊಂದು ಕರಿ ಮರುಭೂಮಿಯೇ ಎದ್ದಿತ್ತು. ದಿಬ್ಬ, ಇಳಿಜಾರು, ಗಾಳಿ ಬೀಸಿದರೆ ಅಲೆಅಲೆಯಾದ ಗೆರೆ. ಬೇಸಿಗೆಯಲ್ಲಿ ನಮ್ಮ ಡಬ್ಬಿಯ ರೊಟ್ಟಿಯ ಮೇಲೂ ಅದೇ ಮರಳು.

ಆ ಬಯಲಿನ ಮೇಲೆ ಕಣ್ಣು ಹಾಕಿದವರು ನಮ್ಮ ಮಾಲೀಕರ ಅಕ್ಕನ ಗಂಡ, ಶಹಾಪುರದ ಸಾಲೆಯೊಂದರ ಡ್ರಾಯಿಂಗ್ ಮಾಸ್ತರರು. ಜೀವನವಿಡೀ ಮಕ್ಕಳಿಂದ ಹೂಜಿ, ಬಾಳೆಹಣ್ಣು ಬರೆಸಿ, ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಒಮ್ಮೆಯಾದರೂ ಬಯಲಿನಲ್ಲಿ ಲಾರಿಗಿಂತ ದೊಡ್ಡದೊಂದನ್ನು ಮಾಡಬೇಕೆಂಬ ಆಸೆ. ಮರುಭೂಮಿ ಇತ್ತು, ಒಂಟೆಯೊಂದೇ ಇರಲಿಲ್ಲ. ಅದನ್ನು ಆ ಮರಳಿನಲ್ಲೇ ಮಾಡುತ್ತೇನೆಂದರು.

ಮಾಲೀಕರು ಚಹಾ ಕುಡಿಯುತ್ತ ನಮ್ಮೆಲ್ಲರ ಮುಂದೆಯೇ ಪಣ ಇಟ್ಟರು.

“ಮಾಮಾ, ಹೊರಗಿನ ಒಬ್ಬ ದೊಡ್ಡ ಕಲಾವಿದ ಬಂದು, ನೋಡಿ, ಚಲೋ ಐತಿ ಅನ್ಲಿ. ಆ ಖಾಲಿ ಶೆಡ್ ನಿಮಗ ಬಿಟ್ಟೆ, ಏನರ ಮಾಡ್ಕೋರಿ. ಅನ್ನಲಿಲ್ಲೋ, ಒಂದನೇ ತಾರೀಖಿನಿಂದ ಗೇಟಿನ್ಯಾಗ ಕುಂದರ್ರಿ, ಲಾರಿ ನಂಬರ್ ಬರಕೋತ.”

ಮಾಸ್ತರರು ಚಹಾ ಮುಗಿಸಿ ಕಪ್ಪನ್ನು ಬಸಿಯಲ್ಲಿಟ್ಟರು. “ಆತು” ಎಂದರು.

ಖಾನಾಪುರದಿಂದ ಒಡೆದ ಹೆಂಚು ತರಿಸಿ ದಿಬ್ಬದ ನೆತ್ತಿಯವರೆಗೆ ಕೆಂಪು ದಾರಿ ಹಾಸಿದರು. ದಾರಿ ಮುಗಿಯುವಲ್ಲಿ ಮಲಗಿದ ಒಂಟೆ ಬರಬೇಕಿತ್ತು. ಅದರ ಚಿತ್ರವನ್ನು ಅಳತೆ ಸಮೇತ, ಎರಕದ ಅಚ್ಚು ಕಟ್ಟುವ ನಮ್ಮ ಹಿರಿಯ ಮೋಲ್ಡರನ ಕೈಗೆ ಕೊಟ್ಟು, ರಜೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದರು. ಮೈಸೂರು ಕಡೆಯ ಕಲಾವಿದರೊಬ್ಬರು ಖಾನಾಪುರದಲ್ಲಿ ಇಳಿದುಕೊಂಡಿದ್ದರು, ಅವರನ್ನು ಕರೆತರಬೇಕಿತ್ತು.

ಮೋಲ್ಡರುಗಳು ನಿಷ್ಠೆಯಿಂದ ದುಡಿದರು. ನೀರು ಚಿಮುಕಿಸಿ, ಮರಳು ಗುದ್ದಿ, ಕರಣೆಯಿಂದ ನುಣುಪು ಮಾಡಿದರು. ಅಳತೆ ನಾನೇ ನೋಡಿದೆ. ಕತ್ತು, ಡುಬ್ಬ, ಮಡಚಿದ ಕಾಲು, ಎಲ್ಲ ಚಿತ್ರದಲ್ಲಿದ್ದಂತೆಯೇ. ಆದರೆ ನಾವು ಫೌಂಡ್ರಿಯ ಮಂದಿ. ಮರಳಿನಲ್ಲಿ ಒಂದು ಆಕಾರ ಮಾಡಿ ಎಂದರೆ ನಮ್ಮ ಕೈಗೆ ಬರುವುದು ಅದರ ಅಚ್ಚು, ಎಂದರೆ ಅದರ ಪೊಳ್ಳು. ಒಂಟೆ ದಿಬ್ಬದ ಮೇಲೆ ಏಳಲಿಲ್ಲ, ಆಳೆತ್ತರ ಕೆಳಗಿಳಿಯಿತು. ಕಬ್ಬಿಣ ಹೊಯ್ಯಲು ಬಾಲದ ಹತ್ತಿರ ಒಂದು ಕಾಲುವೆಯನ್ನೂ ಬಿಟ್ಟಿದ್ದೆವು. ತಪ್ಪಾಗಿದೆಯೆಂದು ಒಬ್ಬನಿಗೂ ಹೊಳೆಯಲಿಲ್ಲ.

ಸಂಜೆ ಕೆಂಪು ದಾರಿ ಹಿಡಿದು ಬಂದರು, ಅತಿಥಿ ಕಲಾವಿದರು ಮುಂದೆ, ಮಾಸ್ತರರು ಹಿಂದೆ, ಪಣದ ಫಲ ನೋಡಲು ಬಂದ ಮಾಲೀಕರು ಅವರ ಹಿಂದೆ. ಒಂಟೆ ಎತ್ತರದಲ್ಲೆಲ್ಲೋ ಕಂಡೀತೆಂದು ಅತಿಥಿಗಳು ಕತ್ತು ಎತ್ತಿಕೊಂಡೇ ಏರಿದರು. ನಾನು ಡುಬ್ಬದ ಬದಿಗೆ ನಿಂತಿದ್ದೆ. ಕೊನೆಯ ಹೆಂಚಿನ ಮೇಲೆ ಅವರ ಬಲಗಾಲು ಬಿದ್ದದ್ದನ್ನು ನೋಡಿದೆ. ಎಡಗಾಲಿಗೆ ಏನೂ ಸಿಗಲಿಲ್ಲ. ಅವರು ಕೂಗಲೂ ಇಲ್ಲ. ಬಿಳಿ ಜುಬ್ಬಾ ಒಂದು ಕ್ಷಣ ಗಾಳಿ ತುಂಬಿಕೊಂಡಿತು, ಆಮೇಲೆ ಕಾಣಲಿಲ್ಲ. 

ಕೆಳಗಿನಿಂದ ದನಿ ಬಂತು. “ಒಂಟೆ ಎಲ್ಲಿದೆ ಸ್ವಾಮಿ?”

ಹಿರಿಯ ಮೋಲ್ಡರ್ ವಿನಯದಿಂದ ಬಗ್ಗಿದ. “ಅದರ ಹೊಟ್ಟ್ಯಾಗ ಅದೀರಿ ಸಾಹೇಬ್ರ.”

ಅವರ ಒಂದು ಚಪ್ಪಲಿ ಕತ್ತಿನ ಕಡೆಗೆ ಹಾರಿತ್ತು. ಅದನ್ನು ಹುಡುಕುತ್ತ ಗೋಡೆ ಸವರಿಕೊಂಡು ಕತ್ತಿನುದ್ದಕ್ಕೂ ನಡೆದರು, ತಲೆಯವರೆಗೆ ಹೋಗಿ ತಿರುಗಿ ಬಂದರು. ನಡುನಡುವೆ ನಿಂತು ನಿಂತು ನೋಡಿದರು. ಕಡೆಗೆ ಬಾಲದ ಕಾಲುವೆಯಿಂದ ಮೇಲೆ ಬಂದಾಗ ಮುಖ ಕರ್ರಗಿತ್ತು, ಹಲ್ಲು ಮಾತ್ರ ಬೆಳ್ಳಗೆ.

“ಮುಂದಿನ ಸಲ ಸುತ್ತ ಒಂದು ಹಗ್ಗ ಕಟ್ಟಿ,” ಎಂದರು.

“ಚಲೋ ಐತಿ ಅನ್ಲಿಲ್ಲ,” ಮಾಲೀಕರು ಕೈ ಉಜ್ಜಿಕೊಂಡರು. “ಅದರಾಗ ಅವರು ನೋಡಾಕ ಇಳದಿಲ್ಲ, ಬಿದ್ದಾರ. ಗೇಟ್ ಖಾಯಂ, ಮಾಮಾ.”

“ಮುಂದಿನ ಸಲ ಅಂದ್ರಲ್ರೀ ಮಾಲಕ್ರ!” ಎಂದ ಹಿರಿಯ ಮೋಲ್ಡರ್. “ಚಲೋ ಇರಲಿಲ್ಲಂದ್ರ, ಬಿದ್ದಂವ ಯಾವನರ ಮತ್ತ ಬರ್ತಾನೇನ್ರಿ?”

ಮಾಸ್ತರರು “ಖರೇ ಹೇಳಬೇಕಂದ್ರ, ನಾ ಇದನ್ನ...” ಎಂದು ಬಾಯಿ ತೆರೆದರು. ಹಿರಿಯ ಮೋಲ್ಡರ್ ಅವರ ಕಾಲಿನ ಮೇಲೆ ಕಾಲಿಟ್ಟ.

ಎಲ್ಲರೂ ಅತಿಥಿಗಳತ್ತ ನೋಡಿದೆವು. ಅವರು ಕಿವಿಯಿಂದ ಮರಳು ಕೊಡವಿಕೊಂಡರು.

“ಬರ್ತೀನಿ. ಒಂದು ಏಣೀನೂ ಇಡಿ. ಕತ್ತಿನ ಕಡೆ ಇನ್ನೊಮ್ಮೆ ನೋಡ್ಬೇಕು.”

ಒಂದನೇ ತಾರೀಖಿಗೆ ಗೇಟಿನ ಕುರ್ಚಿ ಖಾಲಿಯೇ ಇತ್ತು. ಮಾಲೀಕರು ಶೆಡ್ಡಿನ ಕೀಲಿಕೈಯನ್ನು ಮಾಸ್ತರರಿಗೆ ನನ್ನ ಕೈಯಲ್ಲಿ ಕಳಿಸಿದರು, ಲಾರಿಯ ಹಳೆಯ ಹಗ್ಗದ ಸಿಂಬೆಯೊಂದಕ್ಕೆ ಕಟ್ಟಿ.