ಐರೀನ್ ಸೊಬ್‌ಚಾಕ್ ಬರೆಸಿಕೊಂಡ ಒಂದು ಸಾಲು

ಬಳಸಿದ ಕಾರು ಕೊಳ್ಳಲು ಹೋದವರು ಮೊದಲು ಟೈರಿಗೆ ಒದೆಯುತ್ತಾರೆ. ಆಮೇಲೆ ಬಾನೆಟ್ ಎತ್ತಿಸಿ, ಏನೂ ಅರ್ಥವಾಗದಿದ್ದರೂ ಎಲ್ಲ ಅರ್ಥವಾದವರ ಹಾಗೆ ಒಳಗೆ ಇಣುಕಿ ಹೂಂಗುಟ್ಟುತ್ತಾರೆ. ಐರೀನ್ ಸೊಬ್‌ಚಾಕ್ ಇವೆರಡನ್ನೂ ಮಾಡುವುದಿಲ್ಲ. ನೇರವಾಗಿ ಮುಂದಿನ ಗಾಜಿನ ಹತ್ತಿರ ಹೋಗಿ, ಬಗ್ಗಿ, ಗಾಜಿನ ಬುಡದಲ್ಲಿರುವ ಸಣ್ಣ ತಗಡಿನ ಪಟ್ಟಿಯನ್ನು ಓದುತ್ತಾಳೆ. ಅದರಲ್ಲಿ ಅಂಕಿ, ಅಕ್ಷರ ಸೇರಿ ಹದಿನೇಳು ಇರುತ್ತವೆ. ಹನ್ನೊಂದನೆಯದು ಕಾರು ಹುಟ್ಟಿದ ಕಾರ್ಖಾನೆ ಯಾವುದೆಂದು ಹೇಳುತ್ತದೆ. ಮಿಷಿಗನ್‌ನ ಹಾರ್ಲನ್ ಫಾಲ್ಸ್‌ನಲ್ಲಿ ಐವತ್ತು ದಾಟಿದ ಯಾರನ್ನು ಬೇಕಾದರೂ ಕೇಳಿ, ಹೆಂಡತಿ ಹುಟ್ಟಿದ ದಿನ ಮರೆತಿರಬಹುದು, ಆ ಹನ್ನೊಂದನೆಯ ಅಕ್ಷರ ಮರೆತಿರುವುದಿಲ್ಲ.

ಐರೀನ್ ಇಪ್ಪತ್ತನೆಯ ವಯಸ್ಸಿಗೆ ಆ ಕಾರ್ಖಾನೆ ಸೇರಿದವಳು. ಕಾರಿಗೆ ಬಾಗಿಲು ಕೂರಿಸುವ ಸಾಲಿನಲ್ಲಿ ಅವಳನ್ನು ನಿಲ್ಲಿಸಿದಾಗ, ಅಲ್ಲಿದ್ದ ಗಂಡಸರು ಇವಳು ಎಷ್ಟು ದಿನ ತಾಳುತ್ತಾಳೆ ಎಂದು ಬಾಜಿ ಕಟ್ಟಿದ್ದರು. ನಾಲ್ಕು ದಿನಕ್ಕಿಂತ ಹೆಚ್ಚು ಹೇಳಿದವನು ಒಬ್ಬನೂ ಇರಲಿಲ್ಲ. ಅವಳು ಇಪ್ಪತ್ತಾರು ವರ್ಷ ನಿಂತಳು. ಮದುವೆಯಾದಳು, ಮಗಳನ್ನು ಹೆತ್ತಳು, ಗಂಡ ಟೆನೆಸಿ ಕಡೆ ಕೆಲಸ ಹುಡುಕಿಕೊಂಡು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ, ಅದಕ್ಕೂ ಅವಳು ಒಂದು ದಿನದ ರಜೆ ಹಾಕಲಿಲ್ಲ. ಬಾಗಿಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಕಾರ್ಖಾನೆಯವರು ಅಳತೆಪಟ್ಟಿ ಕೊಟ್ಟಿದ್ದರೂ ಅವಳು ಐದು ಸೆಂಟಿನ ಎರಡು ನಾಣ್ಯ ಒಟ್ಟಿಗೆ ಅಂಟಿಸಿ ಇಟ್ಟುಕೊಂಡಿದ್ದಳು. ಬಾಗಿಲಿನ ಸುತ್ತಲ ಸಂದಿನಲ್ಲಿ ಆ ಜೋಡಿ ನಾಣ್ಯ ಎಲ್ಲೂ ಸಿಕ್ಕಿಕೊಳ್ಳದೆ, ಎಲ್ಲೂ ಅಲುಗಾಡದೆ ಜಾರಬೇಕು. ಜಾರದಿದ್ದರೆ ಅವಳು ಸಾಲಿನುದ್ದಕ್ಕೂ ಕಟ್ಟಿದ್ದ ಹಗ್ಗ ಜಗ್ಗಿ ಕೆಲಸವನ್ನೇ ನಿಲ್ಲಿಸುತ್ತಿದ್ದಳು, ಮೇಸ್ತ್ರಿ ಎಷ್ಟೇ ಕೂಗಾಡಲಿ.

ಅಲ್ಲಿ ತಯಾರಾಗುತ್ತಿದ್ದದ್ದು ನಾಲ್ಕು ಬಾಗಿಲಿನ, ನಡುಗಾತ್ರದ ಸೆಡಾನ್. ಮೇಷ್ಟರುಗಳು, ಪಾದ್ರಿಗಳು, ಮೂರು ಮಕ್ಕಳ ತಾಯಂದಿರು ಕೊಳ್ಳುತ್ತಿದ್ದ ಕಾರು. ಅದನ್ನು ನೋಡಿ ಯಾರೂ ಸಿಳ್ಳೆ ಹಾಕಿದ್ದಿಲ್ಲ. ಒಂದು ದಿನ ಕಂಪನಿಯವರಿಗೆ ಜನಕ್ಕೆ ಎತ್ತರದ ಗಾಡಿಗಳೇ ಬೇಕು ಎಂಬ ಜ್ಞಾನೋದಯವಾಯಿತು. ಕಾರ್ಖಾನೆ ಮುಚ್ಚಿತು. ಒಂಬತ್ತು ವರ್ಷವಾಯಿತು. ಕೆಲಸ ಹೋದದ್ದನ್ನು ಐರೀನ್ ಹೇಗೋ ನುಂಗಿಕೊಂಡಳು. ನುಂಗಲಾರದೆ ಹೋದದ್ದು ಆಮೇಲೆ ಸುತ್ತಮುತ್ತ ಹಬ್ಬಿದ ಮಾತನ್ನು. ಅಲ್ಲಿನವರು ಸೋಮಾರಿಗಳಂತೆ, ಮಧ್ಯಾಹ್ನವೇ ಕುಡಿದು ಕೆಲಸಕ್ಕೆ ನಿಲ್ಲುತ್ತಿದ್ದರಂತೆ, ಬಾಗಿಲು ಬಾಗಿಲಿನ ಹಾಗೆ ಕೂರುತ್ತಿರಲಿಲ್ಲವಂತೆ, ಅದಕ್ಕೇ ಮುಚ್ಚಿದರಂತೆ. ಕಾರ್ಖಾನೆಯ ಗೇಟು ಹೇಗಿತ್ತೆಂದು ನೋಡದವರೂ ಇದನ್ನು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು.

ಹೋದ ನವೆಂಬರಿನಲ್ಲಿ ಅವಳ ಹಳೆಯ ಸೆಡಾನಿಗೆ ಜಿಂಕೆಯೊಂದು ಅಡ್ಡ ಹಾರಿ, ಜಿಂಕೆಯೂ ಹೋಯಿತು, ಕಾರೂ ಹೋಯಿತು. ಹದಿನಾಲ್ಕು ಮೈಲಿ ಆಚೆಯ ಶಾಲೆಯೊಂದರ ಅಡಿಗೆಮನೆಯಲ್ಲಿ ಅವಳಿಗೆ ಕೆಲಸ. ತಮ್ಮ ಲಿಯೊ ದಿನಾ ಬೆಳಿಗ್ಗೆ ಆರಕ್ಕೆ ಬಂದು ಹಾರನ್ ಹೊಡೆದು ಕರೆದುಕೊಂಡು ಹೋಗಬೇಕಾಯಿತು. ಲಿಯೊ ಊರಿನ ಕ್ಷೌರಿಕ, ಮಾತಿನ ಮಲ್ಲ. ಅವನದೂ ಎತ್ತರದ ಗಾಡಿಯೇ. ಅಟ್ಟ ಹತ್ತಿದ ಹಾಗೆ ಅದನ್ನು ಹತ್ತುವಾಗಲೆಲ್ಲ ಐರೀನ್ ಗೊಣಗುತ್ತಿದ್ದಳು.

"ನೀನೂ ಇಂಥದ್ದೇ ಒಂದು ತಗೋ ರೀನಿ, ಮುಗೀತು ಕಥೆ. ಊರ್ ತುಂಬಾ ಇದಾವೆ."

"ನಮ್ಮೋರು ಮಾಡಿದ್ದು ಸಿಕ್ಕಿದ್ರೆ ತಗೋತೀನಿ. ಇಲ್ದಿದ್ರೆ ನಡ್ಕೊಂಡು ಹೋಗ್ತೀನಿ."

"ನಡ್ಕೊಂಡು ಹೋಗೋಳು ದಿನಾ ನನ್ ಗಾಡೀಲಿ ಯಾಕೆ ಕೂರ್ತೀಯಮ್ಮಾ?"

"ನಿನ್ನ ಬಾಯಿಗೆ ಬೆಳಿಗ್ಗೆ ಹೊತ್ತು ಒಂದು ಜೊತೆ ಕಿವಿ ಬೇಕಲ್ಲ, ಅದಕ್ಕೆ."

ಹೀಗೆ ಮೂರು ತಿಂಗಳು ಕಳೆಯಿತು. ಐದು ಕಾರಂಗಡಿ ಸುತ್ತಿದರೂ ಎಲ್ಲೂ ಆ ಅಕ್ಷರ ಸಿಗಲಿಲ್ಲ. ಫೆಬ್ರವರಿಯ ಕೊನೆಯ ದಿನ, ಒಂದು ಶನಿವಾರ, ಹೆದ್ದಾರಿ ಬದಿಯ ಆರನೆಯ ಅಂಗಡಿಯಲ್ಲಿ, ಬೆಟ್ಟದಂಥ ಎರಡು ಗಾಡಿಗಳ ನಡುವೆ ಮುದುಡಿ ನಿಂತಿದ್ದ ನೀಲಿ ಸೆಡಾನೊಂದರ ಗಾಜಿಗೆ ಅವಳು ಬಗ್ಗಿದಳು. ಒಂದೊಂದೇ ಎಣಿಸಿದಳು. ಹನ್ನೊಂದು. ಅದೇ ಅಕ್ಷರ. ಕಾರ್ಖಾನೆ ಮುಚ್ಚುವ ಹಿಂದಿನ ವರ್ಷದ ಕಾರು ಅದು. ಅದರ ಬಾಗಿಲು ಅವಳ ಕೈಯಲ್ಲೇ ಕೂತಿರಬಹುದು. ಅವಳದಲ್ಲದಿದ್ದರೆ ಪಕ್ಕದಲ್ಲಿ ನಿಂತವರ ಕೈಯಲ್ಲಿ ಕೂತಿರುತ್ತದೆ, ಅದೂ ಅವಳಿಗೆ ಒಂದೇ.

ಮಾರಾಟದವನು ಗ್ಯಾರೆಟ್ ಎಂಬ ನಲವತ್ತರ ಆಸಾಮಿ. ಕತ್ತಿನ ಟೈ ಸರಿಪಡಿಸಿಕೊಳ್ಳುತ್ತ ಬಂದವನು ಐರೀನಳನ್ನು ದಾಟಿ ಹೋಗಿ ಲಿಯೊನ ಕೈ ಕುಲುಕಿದ.

"ಒಳ್ಳೇ ಆಯ್ಕೆ ಸರ್. ನಿಮ್ಮ ಮನೆಯವರಿಗೆ ಹೇಳಿ ಮಾಡಿಸಿದ ಹಾಗಿದೆ."

"ಅವಳು ನನ್ ಹೆಂಡ್ತಿ ಅಲ್ಲ ಮಾರಾಯ, ಅಕ್ಕ. ಕಾರೂ ಅವಳಿಗೇ. ನಾನು ಕ್ಷೌರ ಮಾಡೋನು, ಕೂದಲು ಬೆಳೆದ ತಲೆ ಇದ್ರೆ ತೋರ್ಸು, ಹೇಳ್ತೀನಿ."

ಗ್ಯಾರೆಟ್ ನಕ್ಕ. ಆದರೂ ಮೈಲೇಜು, ಬ್ರೇಕು, ಗ್ಯಾರಂಟಿ ಎಲ್ಲವನ್ನೂ ಲಿಯೊನ ಮುಖ ನೋಡಿಕೊಂಡೇ ಹೇಳಿದ. ಐರೀನ್ ಕ್ಯಾರೇ ಅನ್ನದೆ ಕಾರಿನ ಸುತ್ತ ಹೊರಟಳು. ಒಂದೊಂದೇ ಬಾಗಿಲು ತೆಗೆದಳು, ಹಾಕಿದಳು, ಕಿವಿಗೊಟ್ಟಳು. ಮೂರು ಬಾಗಿಲು ಸರಿಯಾಗಿ ಕೇಳಿಸಿದವು. ನಾಲ್ಕನೆಯದು, ಮುಂದಿನ ಬಲಗಡೆಯದು, ಲಟಕ್ ಎಂದಿತು. ಜೇಬಿನಿಂದ ಜೋಡಿ ನಾಣ್ಯ ತೆಗೆದು ಅದರ ಸಂದಿನಲ್ಲಿ ಜಾರಿಸಿದಳು. ಮೇಲೆ ಹಿಂಬದಿಯ ಮೂಲೆಗೆ ಬಂದಾಗ ನಾಣ್ಯ ಸಡಿಲವಾಗಿ ಒಳಗೇ ಬಿದ್ದುಹೋಯಿತು. ಬಾಗಿಲು ತೆಗೆದು ಅದನ್ನು ಹೆಕ್ಕಿಕೊಂಡಳು.

"ಇದಕ್ಕೆ ಯಾವಾಗಾದ್ರೂ ಪೆಟ್ಟು ಬಿದ್ದಿತ್ತಾ?"

"ಛೆ ಛೆ, ಇಲ್ಲ ಮೇಡಂ. ಒಬ್ಬರೇ ಓನರ್. ಚರ್ಚಿಗೆ ಬಿಟ್ರೆ ಅಂಗಡಿಗೆ, ಅಷ್ಟೇ ಓಡಿರೋದು."

"ಮತ್ತೆ ಈ ಬಾಗಿಲು ಯಾಕೆ ಜೋತು ಬಿದ್ದಿದೆ?"

ಗ್ಯಾರೆಟ್ ಬಾಗಿಲು ನೋಡಿದ. ನಂತರ, ದೊಡ್ಡ ಗುಟ್ಟು ಹೇಳುವವನ ಹಾಗೆ ನಗುತ್ತ ಲಿಯೊನ ಕಡೆ ತಿರುಗಿದ.

"ಓ, ಅದಾ! ಇದು ಹಾರ್ಲನ್ ಫಾಲ್ಸ್‌ನಲ್ಲಿ ಮಾಡಿದ್ದು ಸರ್. ಆ ಫ್ಯಾಕ್ಟರಿ ಬಾಗಿಲುಗಳ ಹಣೆಬರಹಾನೇ ಅಷ್ಟು. ಅರ್ಧ ಜನ ಕುಡಿದು ಬರ್ತಿದ್ರು, ಇನ್ನರ್ಧ ಜನ ಬರ್ತಾನೇ ಇರ್ಲಿಲ್ಲ. ಗೊತ್ತಲ್ಲ ನಿಮ್ಗೆ."

ಲಿಯೊ ಎರಡು ಹೆಜ್ಜೆ ಹಿಂದೆ ಸರಿದ.

ಐರೀನಳ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಅಲ್ಲಿ ಇಲ್ಲಿ ಬೆನ್ನ ಹಿಂದೆ ಕೇಳಿದ ಮಾತು ಇಂದು ಮುಖದೆದುರೇ ನಿಂತಿತ್ತು, ಅದೂ ತಾನೇ ಸುಳ್ಳು ಹೇಳುತ್ತಿರುವವನ ಬಾಯಲ್ಲಿ. ಬೇರೆಯವಳಾಗಿದ್ದರೆ ಬೈಯುತ್ತಿದ್ದಳು. ಐರೀನ್ ಬಾಗಿಲನ್ನು ಪೂರ್ತಿ ತೆರೆದು, ಮೊಣಕಾಲೂರಿ ಕೂತು, ನೆಲ ತಟ್ಟಿ ತೋರಿಸಿದಳು.

"ಬನ್ನಿ ಸ್ವಾಮಿ. ಇಲ್ಲಿ ಕೂತ್ಕೊಳ್ಳಿ."

"ಪ್ಯಾಂಟು ಕೊಳೆ ಆಗುತ್ತೆ ಮೇಡಂ..."

"ಒಗೆದ್ರೆ ಹೋಗುತ್ತೆ. ನೀವು ಹೇಳಿದ ಮಾತು ಒಗೆದ್ರೂ ಹೋಗಲ್ಲ. ಕೂತ್ಕೊಳ್ಳಿ."

ಗ್ಯಾರೆಟ್ ಕೂತ. ಆಚೆ ಬೇರೆ ಗಾಡಿ ನೋಡುತ್ತಿದ್ದ ಗಂಡ ಹೆಂಡತಿ ಇತ್ತ ತಿರುಗಿದರು.

"ಈ ಕೀಲು ನೋಡಿ. ಕಾರಿಗೆ ಬಣ್ಣ ಹೊಡೆಯೋಕೆ ಮುಂಚೆನೇ ಇದನ್ನ ಬೋಲ್ಟ್ ಹಾಕಿ ಕೂರಿಸ್ತಿದ್ವಿ. ಆಮೇಲೆ ಕಾರಿಗೂ ಕೀಲಿಗೂ ಬೋಲ್ಟಿಗೂ ಒಟ್ಟಿಗೇ ಬಣ್ಣ. ಆ ಕಡೆ ಬಾಗಿಲು ತೆಗೆದು ನೋಡ್ಕೊಂಡು ಬನ್ನಿ, ಬೋಲ್ಟಿನ ತಲೆ ಮೇಲೆ ಒಂದು ಗೀರು ಇದ್ರೆ ನನ್ನ ಕಿವಿ ಹಿಂಡಿ. ಇಲ್ಲಿ? ನಾಲ್ಕಕ್ಕೆ ನಾಲ್ಕರಲ್ಲೂ ಬಣ್ಣ ಕಿತ್ತಿದೆ. ಸ್ಪ್ಯಾನರ್ ಕಚ್ಚಿದ ಗುರುತು ಕಾಣ್ತಿದೆಯಾ? ಈ ಕಾರಿಗೆ ಯಾರೋ ಗುದ್ದಿದಾರೆ. ಇನ್ಯಾರೋ ಗ್ಯಾರೇಜಿನೋನು ಬಾಗಿಲು ಬಿಚ್ಚಿ, ಕಾಟಾಚಾರಕ್ಕೆ ತಗಲುಹಾಕಿದಾನೆ. ಕುಡಿದಿದ್ರೆ ಅವನು ಕುಡಿದಿರಬೇಕು. ನಾನಂತೂ ಇಪ್ಪತ್ತಾರು ವರ್ಷ ಅಲ್ಲಿ ಇದೇ ಬಾಗಿಲು ಕೂರಿಸ್ದೋಳು, ಕುಡಿದಿರಲಿಲ್ಲ."

ಗ್ಯಾರೆಟನ ಮುಖ ಹುಳ್ಳಗಾಯಿತು. ಗಂಡ ಹೆಂಡತಿ ತಾವು ನೋಡುತ್ತಿದ್ದ ಗಾಡಿಯ ಬಾಗಿಲನ್ನೂ ತೆಗೆದು ಬೋಲ್ಟು ಹುಡುಕತೊಡಗಿದರು. ಇದನ್ನು ಗಾಜಿನ ಕೋಣೆಯಿಂದ ಕಂಡ ಮ್ಯಾನೇಜರ್ ವ್ಯಾಂಡರ್‌ಮೋಲನ್ ಓಡೋಡಿ ಬಂದು, ಬೆಣ್ಣೆಯಂಥ ಮಾತಾಡುತ್ತ, ಅಕ್ಕ ತಮ್ಮ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದ. ಕಾಫಿ ತರಿಸಿದ. ಗ್ಯಾರೆಟ್ ಬಾಗಿಲ ಬಳಿ ನಿಂತ.

"ನಮ್ಮ ಕಣ್ತಪ್ಪಿನಿಂದ ಆಗಿದೆ ಮೇಡಂ. ಸಾವಿರ ಡಾಲರ್ ಇಳಿಸ್ತೀನಿ, ಕಾರು ತಗೊಂಡು ಹೋಗಿ. ಇಲ್ಲಿಗೆ ಬಿಟ್ಬಿಡೋಣ," ಎಂದ ಮ್ಯಾನೇಜರ್.

ಲಿಯೊನ ಕಣ್ಣರಳಿತು. ಐರೀನ್ ಕಾಫಿ ಮುಟ್ಟಲಿಲ್ಲ.

"ಇಳಿಸೋದು ಬಿಡೋದು ನಿಮ್ಮಿಷ್ಟ. ನನಗೆ ಮಾರಾಟದ ಕಾಗದದ ಮೇಲೆ ಒಂದು ಸಾಲು ಬರೆದುಕೊಡಿ. ಈ ಬಾಗಿಲು ಕೆಡಿಸಿದ್ದು ಹಾರ್ಲನ್ ಫಾಲ್ಸ್‌ನೋರಲ್ಲ ಅಂತ."

"ಬಾಯಲ್ಲಿ ಹೇಳ್ತಿದೀನಲ್ಲ ಮೇಡಂ. ಬರೆದ್ರೆ ಅದು ದಾಖಲೆ ಆಗುತ್ತೆ."

"ಬಾಯಲ್ಲಿ ಒಂಬತ್ತು ವರ್ಷದಿಂದ ಏನೇನೋ ಹೇಳಿದಾರೆ. ನನಗೆ ದಾಖಲೆನೇ ಬೇಕು."

"ಕಾಗದದಲ್ಲಿ ಅಪಘಾತ ಅಂತ ಬರೆದ ಮೇಲೆ, ಸಾವಿರ ಇಳಿಸೋ ಮಾತೇ ಇಲ್ಲ. ಪೂರ್ತಿ ಬೆಲೆ ಆಗುತ್ತೆ." ಇದಕ್ಕೆ ಇವಳು ತಣ್ಣಗಾಗುತ್ತಾಳೆ ಎಂದು ಅವನ ಲೆಕ್ಕ. ಎಂಥ ನ್ಯಾಯ ನೋಡಿ, ಸುಳ್ಳು ಹೇಳಲು ಬಿಟ್ಟರೆ ರಿಯಾಯಿತಿ, ನಿಜ ಬರೆಸಿಕೊಂಡರೆ ದಂಡ.

"ಆಗ್ಲಿ, ಪೂರ್ತಿ ಬೆಲೆ."

"ರೀನಿ!" ಲಿಯೊ ಅವಳ ತೋಳು ಹಿಡಿದು ಜಗ್ಗಿದ. "ತಲೆ ಕೆಟ್ಟಿದೆಯಾ? ನಿನ್ನ ಅಡಿಗೆಮನೆ ಕೆಲಸದ ಎರಡು ವಾರದ ದುಡ್ಡು ಕಣೇ ಅದು!"

ಮ್ಯಾನೇಜರ್ ಆಗಲೂ ತಲೆ ಅಲ್ಲಾಡಿಸಿದ. ಬರೆಯುವುದಿಲ್ಲ ಎಂದ. ಐರೀನ್ ಎದ್ದಳು. ಕೋಟಿನ ಗುಂಡಿ ಹಾಕಿಕೊಂಡಳು. ಕಿಟಕಿಯಾಚೆ ನೀಲಿ ಕಾರು ಕಾಣುತ್ತಿತ್ತು. ಅದು ಅವಳಿಗೆ ಬೇಕಾಗಿತ್ತು, ಸುಳ್ಳೇಕೆ ಹೇಳಬೇಕು, ಅಳು ಬರುವಷ್ಟು ಬೇಕಾಗಿತ್ತು. ಇಂಥದ್ದು ಇನ್ನೊಂದು ಸಿಗುತ್ತದೆ ಎಂಬ ನಂಬಿಕೆ ಅವಳಿಗೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಮತ್ತೆ ಲಿಯೊನ ಹಾರನ್ನು, ಮತ್ತೆ ಅಟ್ಟದಂಥ ಆ ಗಾಡಿ. ಆದರೂ ಕುಡುಕರು ಎಂಬ ಆ ಮಾತನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ದಿನಾ ಕೆಲಸಕ್ಕೆ ಹೋಗಲು ಅವಳಿಂದ ಸಾಧ್ಯವಿರಲಿಲ್ಲ. ಅವಳು ಗ್ಯಾರೆಟನನ್ನು ಪಕ್ಕಕ್ಕೆ ಸರಿಸಿ ಹೊರಗೆ ನಡೆದಳು.

ಕಾರಂಗಡಿಗಳಲ್ಲಿ ತಿಂಗಳ ಕೊನೆಯ ದಿನ ಎಂದರೆ ಪರೀಕ್ಷೆಯ ದಿನ. ಮ್ಯಾನೇಜರನ ಬೆನ್ನ ಹಿಂದಿನ ಬೋರ್ಡಿನಲ್ಲಿ ಆ ತಿಂಗಳು ಮಾರಬೇಕಿದ್ದ ಕಾರುಗಳ ಪಟ್ಟಿಯಿತ್ತು, ಅದರಲ್ಲಿ ಇನ್ನೂ ಒಂದು ಚೌಕ ಖಾಲಿಯಿತ್ತು. ಅವನು ಬೋರ್ಡು ನೋಡಿದ, ಅಂಗಳ ದಾಟುತ್ತಿದ್ದ ಐರೀನಳ ಬೆನ್ನು ನೋಡಿದ, ಇನ್ನೂ ಬೋಲ್ಟು ತಡಕುತ್ತಿದ್ದ ಆ ಗಂಡ ಹೆಂಡತಿಯನ್ನು ನೋಡಿದ.

"ಕರಿಯೋ ಅವಳನ್ನ," ಎಂದು ಗ್ಯಾರೆಟನ ಮೇಲೆ ಹರಿಹಾಯ್ದ.

ಮೊದಲು ಮ್ಯಾನೇಜರ್ ಬರೆದದ್ದು 'ಬಾಗಿಲಿನಲ್ಲಿ ಸಣ್ಣ ದೋಷವಿದೆ' ಎಂದು. ಐರೀನ್ ಓದಿ ಕಾಗದ ವಾಪಸು ತಳ್ಳಿದಳು. ಎರಡನೆಯ ಸಲ ಅವಳು ಒಂದೊಂದೇ ಪದ ಹೇಳಿದಳು, ಅವನು ಬರೆದ: 'ಮುಂದಿನ ಬಲ ಬಾಗಿಲನ್ನು ಅಪಘಾತದ ನಂತರ ಬೇರೆ ಕಡೆ ಬಿಚ್ಚಿ ಜೋಡಿಸಲಾಗಿದೆ. ಇದು ಹಾರ್ಲನ್ ಫಾಲ್ಸ್ ಕಾರ್ಖಾನೆಯ ಕೆಲಸವಲ್ಲ.' ಕೆಳಗೆ ಅವನ ಸಹಿ. ಅದರ ಕೆಳಗೆ ಗ್ಯಾರೆಟನ ಸಹಿಯನ್ನೂ ಹಾಕಿಸಿದಳು. ಆಮೇಲೆ ಚೆಕ್ಕಿನಲ್ಲಿ ಪೂರ್ತಿ ಬೆಲೆ ಬರೆದಳು.

ಮುಗಿಯಿತು ಎಂದುಕೊಂಡಿರಾ? ಅವರೂ ಹಾಗೇ ಅಂದುಕೊಂಡಿದ್ದರು.

"ಒಂದು ಹದಿಮೂರರ ಸ್ಪ್ಯಾನರ್ ಕೊಡಿ," ಎಂದಳು ಐರೀನ್. "ಇಂಥ ಬಾಗಿಲು ಇಟ್ಕೊಂಡು ನಾನು ಊರೊಳಗೆ ಹೋಗಲ್ಲ."

ಅಂಗಡಿಯ ಮುಂದೆ, ಹೋಗಿಬರುವವರಿಗೆಲ್ಲ ಕಾಣುವ ಜಾಗದಲ್ಲೇ ಅವಳು ಬೋಲ್ಟು ಸಡಿಲಿಸಿದಳು. ಬಾಗಿಲಿನ ಭಾರ ಹೊರಲು ಒಬ್ಬರು ಬೇಕಿತ್ತು. ಲಿಯೊ ಮುಂದೆ ಬಂದ. ಅವಳು ಅವನನ್ನು ಬಿಟ್ಟು ಗ್ಯಾರೆಟನ ಕಡೆ ಬೆರಳು ತೋರಿಸಿದಳು.

"ನೀವು ಬನ್ನಿ. ಭುಜ ಕೊಡಿ. ಎತ್ತಿ. ಇನ್ನೂ. ಕೂದಲೆಳೆಯಷ್ಟು ಇನ್ನೂ. ಹಾಂ, ಉಸಿರು ಹಿಡ್ಕೊಳ್ಳಿ."

ಆ ಚಳಿಯಲ್ಲೂ ಗ್ಯಾರೆಟನ ಹಣೆಯಲ್ಲಿ ಬೆವರು ಒಡೆಯಿತು. ಮೂರು ಸಲ ಬಿಗಿದು ಮೂರು ಸಲ ಸಡಿಲಿಸಿದಳು. ನಾಲ್ಕನೆಯ ಸಲ ನಾಣ್ಯ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ನಿಲ್ಲದೆ ಜಾರಿತು. ಅವಳು ಒಂದೇ ಬೆರಳಿನಿಂದ ಬಾಗಿಲು ತಳ್ಳಿದಳು. ಅದು ಮೆತ್ತಗೆ ಹೋಗಿ ಕೂತಿತು. ಗ್ಯಾರೆಟ್ ತಾನೇ ಅದನ್ನು ತೆಗೆದು ಇನ್ನೊಮ್ಮೆ ಹಾಕಿ ನೋಡಿದ.

ತನ್ನ ಗಾಡಿ ತೆಗೆದುಕೊಂಡು ಹೋಗಲು ಸಂಜೆ ಬಂದರಾಯಿತು ಎಂದು ಲಿಯೊ ಅವಳ ಪಕ್ಕದಲ್ಲೇ ಹತ್ತಿ ಕೂತ. ಹೆದ್ದಾರಿಗೆ ಬರುವವರೆಗೆ ತಡೆದುಕೊಂಡಿದ್ದವನಿಗೆ ಇನ್ನು ಆಗಲಿಲ್ಲ.

"ಸಾವಿರ ಡಾಲರ್ ರೀನಿ! ಒಂದು ಸಾಲಿಗೆ ಸಾವಿರ ಡಾಲರ್! ಪ್ರಪಂಚದಲ್ಲಿ ಯಾರಾದ್ರೂ ಕೊಡ್ತಾರಾ?"

ಐರೀನ್ ಕನ್ನಡಿ ಸರಿಮಾಡಿಕೊಂಡಳು.

"ಫ್ಯಾಕ್ಟರಿ ಬಾಗಿಲು ಮುಚ್ಚಿದ ದಿನ ನಾವು ಸಾವಿರದ ಇನ್ನೂರು ಜನ ಇದ್ವಿ ಲಿಯೊ," ಎಂದಳು. "ಲೆಕ್ಕ ಹಾಕು, ತಲೆಗೆ ಒಂದು ಡಾಲರೂ ಬೀಳಲಿಲ್ಲ."